ಇರುಳುಗುರುಡಿನಿಂದ ಶಿಶುಮರಣದವರೆಗೆ: 'ಎ' ಜೀವಸತ್ವ ಕೊರತೆಯ ನಿವಾರಣೆ – ಒಂದು ಚಾರಿತ್ರಿಕ ಅವಲೋಕನ

ಸಂಜೆಯಾದೊಡನೆ ಮಗು ಹೊಸ್ತಿಲನ್ನು ಎಡವುತ್ತದೆ, ಎದುರಿಗಿಟ್ಟ ತಟ್ಟೆಯನ್ನು ಕೈಯಿಂದ ತಡಕುತ್ತದೆ. ಇಂತಹ ಲಕ್ಷಣಗಳಿಂದ ಮನೆಯವರೇ ಗುರುತಿಸಬಲ್ಲ ಕಾಯಿಲೆಗೆ ಕನ್ನಡದಲ್ಲಿ ಇರುಳುಗುರುಡು ಎಂಬ ಹೆಸರಿದೆ. ಕಣ್ಣಿಗೆ ಒಳ್ಳೆಯದೆಂದು ಹೊನಗೊನ್ನೆ ಸೊಪ್ಪನ್ನು ಉಣ್ಣುವ ರೂಢಿಯೂ ನಮ್ಮಲ್ಲಿದೆ. ಜನರ ತಿಳಿವಳಿಕೆಯಲ್ಲಿ ಮಾತ್ರವಲ್ಲದೆ ವೈದ್ಯಶಾಸ್ತ್ರದಲ್ಲಿಯೂ ಇದು ಬಹುಕಾಲ ಕಣ್ಣಿನ ಕಾಯಿಲೆಯೆಂದೇ ಪರಿಗಣಿತವಾಗಿತ್ತು. ಅದು ಮಗುವಿನ ಜೀವಕ್ಕೇ ಸಂಬಂಧಿಸಿದ ಪ್ರಶ್ನೆಯೆಂಬುದು ಸ್ಪಷ್ಟವಾದ ಬಗೆಯನ್ನೂ, ಅದರಿಂದ ಭಾರತದ ಕಾರ್ಯಕ್ರಮದ ಉದ್ದೇಶದಲ್ಲಿ ಉಂಟಾದ ಪಲ್ಲಟವನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಬೆಣ್ಣೆ ಮತ್ತು ಮೊಟ್ಟೆಯ ಹಳದಿಯಲ್ಲಿರುವ, ಕೊಬ್ಬಿನಲ್ಲಿ ಕರಗುವ ಪೋಷಕಾಂಶವೊಂದು ಬೆಳವಣಿಗೆಗೆ ಅವಶ್ಯಕವೆಂದು ಅಮೆರಿಕದ ಮೆಕಾಲಮ್ ಮತ್ತು ಡೇವಿಸ್ ಅವರು 1913ರಲ್ಲಿ ತೋರಿಸಿದರು. ಇದೇ ಮುಂದೆ 'ಎ' ಜೀವಸತ್ವವೆನಿಸಿತು. ಇದರ ಕೊರತೆ ತೀವ್ರವಾದಾಗ ಕಣ್ಣು ಒಣಗಿ, ಪಾರಪಟಲ ಕರಗಿ, ದೃಷ್ಟಿ ಶಾಶ್ವತವಾಗಿ ನಷ್ಟವಾಗುತ್ತದೆ. 1932ರಲ್ಲಿ ಲಂಡನ್ನಿನ ವೈದ್ಯ ಜೋಸೆಫ್ ಎಲಿಸನ್ ಅವರು ದಡಾರದಿಂದ ನರಳುತ್ತಿದ್ದ 600 ಮಕ್ಕಳ ಪೈಕಿ 300 ಮಂದಿಗೆ ಈ ಜೀವಸತ್ವವನ್ನು ನೀಡಿ ನೋಡಿದರು. ಅದನ್ನು ಪಡೆದವರಲ್ಲಿ ಸಂಭವಿಸಿದ ಸಾವುಗಳು 11, ಪಡೆಯದವರಲ್ಲಿ 26. ಇಷ್ಟು ಸ್ಪಷ್ಟವಾದ ಫಲಿತಾಂಶವೂ ಮುಂದಿನ ಅರ್ಧ ಶತಮಾನದಷ್ಟು ಕಾಲ ವಿದ್ವತ್ತಿನ ಗಮನದಿಂದ ದೂರ ಉಳಿಯಿತು.

ಭಾರತದಲ್ಲಿ ಪೋಷಣೆಯ ವ್ಯವಸ್ಥಿತ ಸಂಶೋಧನೆಯು 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರಿಂದ ಆರಂಭವಾಯಿತು. ಹೈದರಾಬಾದಿಗೆ ಸ್ಥಳಾಂತರಗೊಂಡ ಈ ಪ್ರಯೋಗಾಲಯವು 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ದೇಹವು 'ಎ' ಜೀವಸತ್ವವನ್ನು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಸಂಗ್ರಹಿಸಿಡಬಲ್ಲದೆಂಬ ತತ್ತ್ವವನ್ನು ಆಧರಿಸಿ, ಡಾ. ಸಿ. ಗೋಪಾಲನ್ ಅವರ ನೇತೃತ್ವದ ಈ ಸಂಸ್ಥೆಯು ಒಮ್ಮೆಗೇ ದೊಡ್ಡ ಪ್ರಮಾಣದಲ್ಲಿ ಅದನ್ನು ಕುಡಿಸುವ ವಿಧಾನವನ್ನು 1960ರ ದಶಕದಲ್ಲಿ ಹಳ್ಳಿಗಳಲ್ಲಿ ಪರೀಕ್ಷಿಸಿತು. ಇದರ ಫಲವಾಗಿ 1970ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವು ಜಾರಿಗೆ ಬಂದಿತು. ಒಂದರಿಂದ ಐದು ವರ್ಷದ ಮಕ್ಕಳಿಗೆ ಆರು ತಿಂಗಳಿಗೊಮ್ಮೆ 2 ಲಕ್ಷ ಅಂತರರಾಷ್ಟ್ರೀಯ ಮಾನದಷ್ಟು ಜೀವಸತ್ವವನ್ನು ನೀಡುವುದು ಅದರ ವಿಧಾನ. ಪೋಷಣೆಯ ಕೊರತೆಯಿಂದ ಬರುವ ಅಂಧತ್ವವನ್ನು ತಡೆಯುವುದು ಅದರ ಘೋಷಿತ ಉದ್ದೇಶ. ಸಾವಿನ ಪ್ರಸ್ತಾಪ ಅಲ್ಲಿರಲಿಲ್ಲ.

ಆ ಪ್ರಸ್ತಾಪ ಬಂದುದು ಇಂಡೋನೇಷ್ಯದಿಂದ. ಆಲ್ಫ್ರೆಡ್ ಸಾಮರ್ ಮತ್ತು ಅವರ ಸಂಗಡಿಗರು ಆರು ಹಳ್ಳಿಗಳ ಮಕ್ಕಳನ್ನು ಹದಿನೆಂಟು ತಿಂಗಳ ಕಾಲ, ಮೂರು ತಿಂಗಳಿಗೊಮ್ಮೆ ಪರೀಕ್ಷಿಸಿದ್ದರು. ಕಣ್ಣಿನಲ್ಲಿ ಕೊರತೆಯ ಸೌಮ್ಯ ಲಕ್ಷಣಗಳಿದ್ದ ಮಕ್ಕಳ ಸಾವಿನ ಪ್ರಮಾಣವು ಉಳಿದವರಿಗಿಂತ ಸರಾಸರಿ ನಾಲ್ಕು ಪಟ್ಟು ಹೆಚ್ಚೆಂದು ಅವರು 1983ರಲ್ಲಿ ಪ್ರಕಟಿಸಿದರು. ಕುರುಡಾಗುವ ಮೊದಲೇ ಮನೆಗಳಲ್ಲಿ ಭೇದಿಯಿಂದಲೋ ದಡಾರದಿಂದಲೋ ತೀರಿಕೊಂಡ ಮಕ್ಕಳು ಕಣ್ಣಾಸ್ಪತ್ರೆಯ ದಾಖಲೆಗಳಲ್ಲಿ ಸೇರುವಂತಿರಲಿಲ್ಲ. ಹಳ್ಳಿಯಲ್ಲಿ ಮನೆಮನೆಗೆ ಮತ್ತೆ ಮತ್ತೆ ಹೋದುದರಿಂದ ಮಾತ್ರ ಈ ಸಂಬಂಧ ಗೋಚರವಾಯಿತು. ಆಚೆ ಪ್ರಾಂತದ 450 ಹಳ್ಳಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ಜೀವಸತ್ವ ನೀಡಿದ ಹಳ್ಳಿಗಳ ಮಕ್ಕಳ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಿತ್ತೆಂದು 1986ರಲ್ಲಿ ವರದಿಯಾಯಿತು.

ವಿದ್ವಾಂಸರು ಇದನ್ನು ಸುಲಭವಾಗಿ ಒಪ್ಪಲಿಲ್ಲ, ಪ್ರಯೋಗಗಳು ಪುನರಾವರ್ತನೆಗೊಂಡವು. 1990ರಲ್ಲಿ ದಕ್ಷಿಣ ಭಾರತದಿಂದಲೇ ಪರಸ್ಪರ ವಿರುದ್ಧವಾದ ಎರಡು ವರದಿಗಳು ಹೊರಬಂದುದು ಗಮನಾರ್ಹ. ತಮಿಳುನಾಡಿನ ತಿರುಚಿರಾಪಳ್ಳಿ ಪ್ರದೇಶದಲ್ಲಿ ವಾರಕ್ಕೊಮ್ಮೆ ಅಲ್ಪ ಪ್ರಮಾಣದಲ್ಲಿ ಜೀವಸತ್ವ ಪಡೆದ ಮಕ್ಕಳ ಸಾವು ಶೇ. 54ರಷ್ಟು ತಗ್ಗಿತ್ತು. ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ ಆರು ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ನೀಡಿದಾಗ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ಮರುವರ್ಷ ನೇಪಾಳದ ಸರ್ಲಾಹಿಯಿಂದ ಶೇ. 30ರ ಇಳಿಕೆ ವರದಿಯಾಯಿತು. 1993ರಲ್ಲಿ ಇಂತಹ ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದಾಗ ಇಳಿಕೆಯು ಸರಾಸರಿ ಶೇ. 23 ಎಂದು ಕಂಡುಬಂದಿತು. ಆದರೆ ಉತ್ತರ ಪ್ರದೇಶದ ಸುಮಾರು 10 ಲಕ್ಷ ಮಕ್ಕಳನ್ನು ಒಳಗೊಂಡು ನಡೆದು, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಕೇವಲ ಶೇ. 4ರಷ್ಟಿತ್ತು. ಕೊರತೆಯ ತೀವ್ರತೆ, ದಡಾರದ ಲಸಿಕೆಯ ವ್ಯಾಪ್ತಿ, ಆರೋಗ್ಯ ಸೇವೆಯ ಲಭ್ಯತೆ ಇವು ಕಾಲದೇಶಗಳಿಗೆ ಅನುಗುಣವಾಗಿ ಭಿನ್ನವಾಗಿರುವಾಗ ಒಂದೇ ಔಷಧದ ಫಲವೂ ಭಿನ್ನವಾಗುವುದು ಅಸಹಜವೇನಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕಣ್ಣನ್ನು ಉಳಿಸಲು ರೂಪಿತವಾದ ಪ್ರಮಾಣವೇ ಜೀವವನ್ನು ಉಳಿಸುವ ಪ್ರಮಾಣವಾಗಿ ಮುಂದುವರಿಯಿತು. 1994ರಲ್ಲಿ ಮೂರು ವರ್ಷದೊಳಗಿನವರಿಗೆ ಸೀಮಿತವಾಗಿದ್ದ ಕಾರ್ಯಕ್ರಮವು 2006ರಲ್ಲಿ ಮತ್ತೆ ಐದು ವರ್ಷದವರೆಗೆ ವಿಸ್ತರಿಸಲ್ಪಟ್ಟಿತು. ಯಾರ ಸಂಸ್ಥೆಯಲ್ಲಿ ಈ ವಿಧಾನ ರೂಪುಗೊಂಡಿತೋ ಆ ಗೋಪಾಲನ್ ಅವರೇ ತಮ್ಮ ಉತ್ತರವಯಸ್ಸಿನಲ್ಲಿ ಎಲ್ಲ ಮಕ್ಕಳಿಗೂ ಇದನ್ನು ನಿರಂತರ ನೀಡುವುದನ್ನು ಪ್ರಶ್ನಿಸಿ, ಪರಿಹಾರವನ್ನು ಆಹಾರದಲ್ಲಿ ಅರಸಬೇಕೆಂದು ಪ್ರತಿಪಾದಿಸಿದರು. ಆದರೆ ಆಹಾರದ ದಾರಿಯೂ ಸರಳವಲ್ಲ. ಸೊಪ್ಪಿನಲ್ಲಿರುವ ಕ್ಯಾರೋಟಿನ್ ದೇಹದಲ್ಲಿ 'ಎ' ಜೀವಸತ್ವವಾಗಿ ಪರಿವರ್ತನೆಗೊಳ್ಳುವ ಪ್ರಮಾಣವು ಹಿಂದೆ ಎಣಿಸಿದ್ದುದರ ಅರ್ಧದಷ್ಟೆಂದು 2001ರಲ್ಲಿ ಅಮೆರಿಕದ ತಜ್ಞರು ಪರಿಷ್ಕರಿಸಿದರು. ಸೊಪ್ಪಿನೊಡನೆ ಸ್ವಲ್ಪವಾದರೂ ಎಣ್ಣೆ ಇರಬೇಕು. ಮಾವು, ಪರಂಗಿ, ಹಾಲು, ಮೊಟ್ಟೆಗಳೂ ಬೇಕು. ಬಡವರ ಮನೆಯಲ್ಲಿ ಮಗುವಿನ ತಟ್ಟೆಗೆ ಕಡೆಯಲ್ಲಿ ಬೀಳುವ ಪದಾರ್ಥಗಳು ಇವೇ.

2016-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳಲ್ಲಿ ಸುಮಾರು ಶೇ. 18ರಷ್ಟು ಮಂದಿಗೆ ಈ ಕೊರತೆ ಇದ್ದುದು ಕಂಡುಬಂದಿದೆ. ಕೊರತೆಯಿಂದ ಕುರುಡಾಗುವ ಮಕ್ಕಳು ಇಂದು ವಿರಳ. ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಕಣ್ಣಿನ ಲಕ್ಷಣ ಮರೆಯಾದೊಡನೆ ಕೊರತೆಯೇ ಮರೆಯಾಯಿತೆಂದು ಭಾವಿಸುವುದು, ಹಿಂದೆ ಸಾವುಗಳನ್ನು ಕಾಣದೆ ಕಣ್ಣನ್ನಷ್ಟೇ ಕಂಡ ತಪ್ಪಿನ ಇನ್ನೊಂದು ರೂಪವೇ ಆದೀತು. ಔಷಧವು ಆಹಾರ ದೊರೆಯುವವರೆಗಿನ ಆಸರೆ. ಆ ಅವಧಿ ಐದು ದಶಕಗಳನ್ನು ಮೀರಿರುವುದಕ್ಕೆ ಕಾರಣಗಳನ್ನು ವೈದ್ಯಶಾಸ್ತ್ರದ ಹೊರಗೂ ಹುಡುಕಬೇಕಾಗುತ್ತದೆ.