ಜಗನ್ಮೋಹನ ಅರಮನೆ, ಮೈಸೂರು

ಮೈಸೂರಿನ ಮುಖ್ಯ ಅರಮನೆಯ ಪಶ್ಚಿಮಕ್ಕೆ ಅಲ್ಪ ದೂರದಲ್ಲಿರುವ ಜಗನ್ಮೋಹನ ಅರಮನೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದರು. 1831ರಲ್ಲಿಯೇ ರಾಜ್ಯದ ಆಡಳಿತವನ್ನು ಬ್ರಿಟಿಷರು ತಮ್ಮ ವಶಕ್ಕೆ ತೆಗೆದುಕೊಂಡಿದ್ದರು. ಹೀಗೆ ಆಡಳಿತಾಧಿಕಾರವಿಲ್ಲದ ಅರಸರು ಕಟ್ಟಿಸಿದ ಈ ಅರಮನೆಯಲ್ಲಿಯೇ ಮುಂದೆ ಅವರ ವಂಶದ ಅರಸರೊಬ್ಬರು ಪೂರ್ಣಾಧಿಕಾರವನ್ನು ವಹಿಸಿಕೊಂಡುದು ಗಮನಾರ್ಹವಾಗಿದೆ.

ರಾಜನಿವಾಸ

1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಸಂಭವಿಸಿದ ಬೆಂಕಿ ಅನಾಹುತದಲ್ಲಿ ಮರದ ಹಳೆಯ ಅರಮನೆಯು ನಾಶವಾಯಿತು. ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ನೂತನ ಅರಮನೆಯು 1912ರಲ್ಲಿ ಪೂರ್ಣಗೊಳ್ಳುವವರೆಗೆ ರಾಜಪರಿವಾರವು ಜಗನ್ಮೋಹನ ಅರಮನೆಯಲ್ಲಿ ನೆಲೆಸಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಅಪ್ರಾಪ್ತ ವಯಸ್ಕರಾಗಿದ್ದಾಗ ಅವರ ತಾಯಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿದ್ದರು. 1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಅವರ ಸಮ್ಮುಖದಲ್ಲಿ ನಾಲ್ವಡಿಯವರು ಇಲ್ಲಿ ಅಧಿಕಾರ ವಹಿಸಿಕೊಂಡರು.

ಸಭಾಭವನ

ದಿವಾನ್ ವಿ.ಪಿ. ಮಾಧವರಾಯರ ಕಾಲದಲ್ಲಿ, 1907ರಲ್ಲಿ ರಚನೆಯಾದ ನ್ಯಾಯವಿಧಾಯಕ ಸಭೆಯ ಪ್ರಥಮ ಅಧಿವೇಶನವು ಈ ಅರಮನೆಯಲ್ಲಿ ನಡೆಯಿತು. ಪ್ರಜಾಪ್ರತಿನಿಧಿ ಸಭೆಯೂ ಇಲ್ಲಿ ಸೇರುತ್ತಿತ್ತು. ಮೈಸೂರು ಸಂಸ್ಥಾನದ ವಿವಿಧ ಭಾಗಗಳಿಂದ ಬಂದ ಪ್ರತಿನಿಧಿಗಳು ತಮ್ಮ ಊರುಗಳ ಕುಂದುಕೊರತೆಗಳನ್ನು ದಿವಾನರ ಮುಂದೆ ನಿವೇದಿಸಿಕೊಳ್ಳುತ್ತಿದ್ದರು. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಆರಂಭದ ಘಟಿಕೋತ್ಸವಗಳಿಗೂ ಈ ಭವನವು ವೇದಿಕೆಯಾಯಿತು. ಅರಸರ ಉತ್ಸವಗಳಿಗೆ ಮೀಸಲಾಗಿದ್ದ ಸ್ಥಳವು ಹೀಗೆ ಕ್ರಮೇಣ ಸಾರ್ವಜನಿಕ ಕಾರ್ಯಗಳಿಗೆ ತೆರೆದುಕೊಂಡಿತು.

ಚಿತ್ರಶಾಲೆ

1915ರಲ್ಲಿ ಅರಮನೆಯಲ್ಲಿ ಚಿತ್ರಶಾಲೆಯನ್ನು ಆರಂಭಿಸಲಾಯಿತು. 1955ರಲ್ಲಿ ಇದಕ್ಕೆ ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನಿಡಲಾಯಿತು. ರಾಜಾ ರವಿವರ್ಮರ ತೈಲವರ್ಣ ಚಿತ್ರಗಳು, ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರಗಳು ಹಾಗೂ ಪುರಾತನ ವಾದ್ಯಗಳು ಇಲ್ಲಿನ ಸಂಗ್ರಹದಲ್ಲಿವೆ. ದೀಪವನ್ನು ಹಿಡಿದು ನಿಂತ ಮಹಿಳೆಯ ಪ್ರಸಿದ್ಧ ಚಿತ್ರವನ್ನು ಅನೇಕರು ರವಿವರ್ಮರ ಕೃತಿಯೆಂದು ಭಾವಿಸುವುದುಂಟು. ಆದರೆ ಅದು ಎಸ್.ಎಲ್. ಹಳದನ್‌ಕರ್ ಅವರು ರಚಿಸಿದ ಜಲವರ್ಣ ಚಿತ್ರವಾಗಿದೆ.

ಭಿತ್ತಿಚಿತ್ರಗಳು

ಒಳಗೋಡೆಗಳ ಮೇಲೆ ದಸರಾ ಮೆರವಣಿಗೆ ಹಾಗೂ ಒಡೆಯರ ವಂಶವೃಕ್ಷವನ್ನು ಚಿತ್ರಿಸಲಾಗಿದೆ. ಅಂದಿನ ಉಡುಗೆ ತೊಡುಗೆ, ವಾಹನ ಮತ್ತು ಬಿರುದಾವಳಿಗಳನ್ನು ಅರಿಯಲು ಈ ಚಿತ್ರಗಳು ಅಮೂಲ್ಯ ಆಧಾರಗಳಾಗಿವೆ. ತೂಗುಹಾಕಿದ ಚಿತ್ರವನ್ನು ಬೇರೆಡೆಗೆ ಸಾಗಿಸಿ ರಕ್ಷಿಸಬಹುದು. ಭಿತ್ತಿಚಿತ್ರದ ಅಳಿವು ಉಳಿವು ಗೋಡೆಯನ್ನೇ ಅವಲಂಬಿಸಿದೆ. ಆದುದರಿಂದ ಈ ಕಟ್ಟಡವನ್ನು ತೇವ ಹಾಗೂ ಸೋರಿಕೆಯಿಂದ ಕಾಪಾಡುವುದು ಅದರೊಳಗಿನ ಕಲೆಯನ್ನು ಕಾಪಾಡುವುದೇ ಆಗಿದೆ. ಸಂದರ್ಶಕರು ಭಿತ್ತಿಚಿತ್ರಗಳನ್ನು ಮುಟ್ಟದೆ ವೀಕ್ಷಿಸುವುದು ಅವಶ್ಯಕ.