ಮಣ್ಣುದಾರಿಯ ಬೈಕಿಗೆ ಸ್ಟೀರಿಂಗ್ ಡ್ಯಾಂಪರ್: ಅಳವಡಿಸುವ ಮುನ್ನ ತಿಳಿಯಬೇಕಾದುದು

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಎಂದೊಡನೆ ನೆನಪಾಗುವುದು ತಿಪ್ಪೇರುದ್ರಸ್ವಾಮಿ ಸನ್ನಿಧಿ ಹಾಗೂ ಫಾಲ್ಗುಣದಲ್ಲಿ ಜರುಗುವ ರಥೋತ್ಸವ. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಡಾಂಬರು ರಸ್ತೆಯಿಂದ ಕೆಳಗಿಳಿದರೆ ಎದುರಾಗುವುದು ಶೇಂಗಾ ಹೊಲಗಳ ನಡುವಿನ ಬಂಡಿಜಾಡು, ಬತ್ತಿದ ಹಳ್ಳದ ಮರಳು, ಗರಸು ಮತ್ತು ಸಡಿಲ ಕಲ್ಲು. ಇಂತಹ ದಾರಿಗೆಂದೇ ರೂಪುಗೊಂಡ ಅಡ್ವೆಂಚರ್ ಬೈಕುಗಳ ಸವಾರರು ಇಲ್ಲಿ ಎದುರಿಸುವ ಮುಖ್ಯ ತೊಂದರೆ ಒಂದೇ: ಹ್ಯಾಂಡಲ್ ಕೈಯಿಂದ ಕಿತ್ತುಕೊಂಡು ಹೋದಂತೆ ಒದರುವುದು. ಇದಕ್ಕೆ ಪರಿಹಾರವೆಂದು ಹೆಸರಾದ ಉಪಕರಣವೇ ಸ್ಟೀರಿಂಗ್ ಡ್ಯಾಂಪರ್.

ಏನಿದು ಡ್ಯಾಂಪರ್?

ನೀರಿನಲ್ಲಿ ಅಂಗೈಯನ್ನು ಮೆಲ್ಲಗೆ ಆಡಿಸಿದರೆ ತಡೆಯೇ ತಿಳಿಯದು. ರಭಸದಿಂದ ಬೀಸಿದರೆ ನೀರು ಎದುರು ನಿಲ್ಲುತ್ತದೆ. ಡ್ಯಾಂಪರಿನ ತತ್ತ್ವವೂ ಇದೇ. ಅದರೊಳಗಿನ ಎಣ್ಣೆ ಕಿರಿದಾದ ರಂಧ್ರಗಳ ಮೂಲಕ ಹಾಯುತ್ತದೆ. ಸವಾರನು ಸಾವಕಾಶವಾಗಿ ಹ್ಯಾಂಡಲ್ ತಿರುಗಿಸಿದಾಗ ಅದು ದಾರಿ ಬಿಡುತ್ತದೆ. ಕಲ್ಲು ತಾಗಿ ಚಕ್ರ ಥಟ್ಟನೆ ಹೊರಳಿದಾಗ ತಡೆ ಒಡ್ಡುತ್ತದೆ. ಹೊಡೆತದ ಶಕ್ತಿ ಎಣ್ಣೆಯಲ್ಲಿ ಶಾಖವಾಗಿ ಕರಗಿಹೋಗುತ್ತದೆ.

ಡ್ಯಾಂಪರುಗಳಲ್ಲಿ ಎರಡು ಬಗೆ. ಸಣ್ಣ ಶಾಕ್ ಅಬ್ಸಾರ್ಬರ್ ಹೋಲುವ ಕೊಳವೆ ಮಾದರಿಯದು ಒಂದು. ಹ್ಯಾಂಡಲ್‌ನ ನಡುವೆ ಕೂರುವ, ಪುಟ್ಟ ಡಬ್ಬಿಯಂತಹ ತಿರುಗು ಮಾದರಿಯದು ಇನ್ನೊಂದು. ರಸ್ತೆ ರೇಸಿನ ಬೈಕುಗಳಲ್ಲಿ ಮೊದಲನೆಯದು, ಮಣ್ಣುದಾರಿಯ ಬೈಕುಗಳಲ್ಲಿ ಎರಡನೆಯದು ಹೆಚ್ಚು ಬಳಕೆಯಲ್ಲಿದೆ.

ಕನ್ನಡನಾಡಿಗೆ ಹೊಸದಲ್ಲ

ಈ ಕಲ್ಪನೆ ಕರ್ನಾಟಕಕ್ಕೆ ಹಳೆಯದೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚುವ ಮೊದಲು ತಯಾರಿಸುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಹ್ಯಾಂಡಲ್ ನಡುವೆ ಒಂದು ತಿರುಪು ಗುಂಡಿ ಇರುತ್ತಿತ್ತು. ಅದನ್ನು ಬಿಗಿದರೆ ಒಳಗಿನ ಬಿಲ್ಲೆಗಳು ಒಂದಕ್ಕೊಂದು ಒತ್ತಿ, ಹ್ಯಾಂಡಲ್ ಬಿಗಿಯಾಗುತ್ತಿತ್ತು. ಅದು ಘರ್ಷಣೆಯ ಡ್ಯಾಂಪರ್. ಮೆಲ್ಲಗಿನ ತಿರುವಿಗೂ ರಭಸದ ಹೊಡೆತಕ್ಕೂ ಅದು ಒಂದೇ ರೀತಿಯ ತಡೆ ಒಡ್ಡುತ್ತಿತ್ತು. ಎಣ್ಣೆಯ ಡ್ಯಾಂಪರ್ ಮೇಲೆನಿಸುವುದು ಈ ಕಾರಣಕ್ಕೆ.

ಮರುಭೂಮಿಯ ಡಕಾರ್ ರ‍್ಯಾಲಿಯ ಬೈಕುಗಳಲ್ಲಿ ಡ್ಯಾಂಪರ್ ಸಾಮಾನ್ಯ ಸಾಮಗ್ರಿ. ಆ ರ‍್ಯಾಲಿಗೂ ಕನ್ನಡನಾಡಿಗೂ ನಂಟಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯರಾದರು. ಕರಾವಳಿಯ ಕೆ.ಪಿ. ಅರವಿಂದ್ 2019ರಲ್ಲಿ ಗುರಿ ಮುಟ್ಟಿದರು. ಆದರೆ 2021ರ ಡಕಾರ್‌ನಲ್ಲಿ ಸಂತೋಷ್ ಬಿದ್ದು ತೀವ್ರವಾಗಿ ಗಾಯಗೊಂಡರು. ಸಡಿಲ ನೆಲದಲ್ಲಿ ಅನುಭವಿಗೂ ಅಪಾಯ ತಪ್ಪಿದ್ದಲ್ಲ ಎಂಬುದಕ್ಕೆ ಇದು ಸಾಕ್ಷಿ.

ಮೊದಲು ರೋಗಪತ್ತೆ

ಭಾರತದಲ್ಲಿ 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರ ಹೀರೊ ಎಕ್ಸ್‌ಪಲ್ಸ್ 200, 2022ರ ಯೆಜ್ಡಿ ಅಡ್ವೆಂಚರ್ ಮೂರಕ್ಕೂ ಮುಂದಿನ ಚಕ್ರ 21 ಇಂಚಿನದು. ಗುಂಡಿ, ಕಲ್ಲುಗಳನ್ನು ದಾಟಲು ದೊಡ್ಡ ಚಕ್ರ ಅನುಕೂಲ. ಈ ವರ್ಗದ ಬೈಕುಗಳು ಸಾಮಾನ್ಯವಾಗಿ ಡ್ಯಾಂಪರ್ ಇಲ್ಲದೆಯೇ ನೆಟ್ಟಗೆ ಓಡುವಂತೆ ವಿನ್ಯಾಸಗೊಂಡಿರುತ್ತವೆ. ಆದುದರಿಂದ ಡಾಂಬರು ರಸ್ತೆಯಲ್ಲೂ ಹ್ಯಾಂಡಲ್ ನಡುಗುತ್ತಿದ್ದರೆ ದೋಷ ಬೇರೆಲ್ಲೋ ಇದೆ ಎಂದೇ ಅರ್ಥ.

ಹಣ ಖರ್ಚು ಮಾಡುವ ಮೊದಲು ಪರೀಕ್ಷಿಸಬೇಕಾದವು ಇವು:

* ಕೋನ್ ಸೆಟ್: ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಫೋರ್ಕಿನ ಕೆಳತುದಿಯನ್ನು ಹಿಂದೆ ಮುಂದೆ ಜಗ್ಗಬೇಕು. ಟಕ್ ಎಂದರೆ ಸಡಿಲ. ಹ್ಯಾಂಡಲ್ ತಿರುಗಿಸುವಾಗ ನಡುವೆ ಸಿಕ್ಕಿಕೊಂಡಂತಾದರೆ ಬೇರಿಂಗ್ ಸವೆದಿದೆ.
* ಚಕ್ರ: ಕಲ್ಲುದಾರಿಯಲ್ಲಿ ಸ್ಪೋಕ್ ಕಡ್ಡಿಗಳು ಸಡಿಲಗೊಂಡು ರಿಮ್ ಓಲಾಡತೊಡಗುತ್ತದೆ.
* ಟೈರು: ಗಾಳಿಯ ಒತ್ತಡ ತಪ್ಪಿದ್ದರೂ, ಸವೆತ ಒಂದು ಬದಿಗೆ ಹೆಚ್ಚಿದ್ದರೂ ನಡುಕ ಹುಟ್ಟುತ್ತದೆ.
* ಹೊರೆ: ಹಿಂಬದಿಯಲ್ಲಿ ಪೆಟ್ಟಿಗೆ, ಕ್ಯಾನು ತುಂಬಿದಷ್ಟೂ ಮುಂದಿನ ಚಕ್ರ ಹಗುರಾಗುತ್ತದೆ, ಹ್ಯಾಂಡಲ್ ಅಲುಗಾಟ ಹೆಚ್ಚುತ್ತದೆ.
* ಹಿಂದಿನ ಸ್ವಿಂಗ್ ಆರ್ಮ್ ಬುಷ್ ಮತ್ತು ಎರಡೂ ಚಕ್ರಗಳ ಬೇರಿಂಗ್.

ಸವೆದ ಕೋನ್ ಸೆಟ್ ಬದಲಿಸುವ ವೆಚ್ಚ ವಿದೇಶಿ ಡ್ಯಾಂಪರಿನ ಬೆಲೆಯ ಸಣ್ಣ ಪಾಲು. ಅದನ್ನು ಬದಲಿಸದೆ ಡ್ಯಾಂಪರ್ ಹಾಕುವುದೆಂದರೆ ಜ್ವರದ ಮೂಲ ಹುಡುಕದೆ ಮೈಯನ್ನಷ್ಟೇ ತಣ್ಣಗೆ ಮಾಡಿದಂತೆ. ನಡುಕ ಮರೆಯಾಗುತ್ತದೆ, ಸವೆತ ಬೆಳೆಯುತ್ತದೆ, ವೇಗ ಹೆಚ್ಚಿದ ದಿನ ಅದು ಏಕಾಏಕಿ ಪ್ರಕಟವಾಗುತ್ತದೆ.

ಅಳವಡಿಕೆಯ ಕ್ರಮ

ತಿರುಗು ಮಾದರಿಯ ಡ್ಯಾಂಪರಿಗೆ ಎರಡು ಆಧಾರ ಬೇಕು. ಡಬ್ಬಿಯು ಫೋರ್ಕಿನ ಮೇಲ್ತಟ್ಟೆಗೆ ಇಲ್ಲವೇ ಹ್ಯಾಂಡಲ್ ಹಿಡಿಕೆಗೆ ಕೂರುತ್ತದೆ. ಅದರ ತೋಳು ಚಾಸಿಸ್‌ಗೆ ಬಿಗಿದ ಗೂಟವನ್ನು ಹಿಡಿದಿರುತ್ತದೆ. ಹ್ಯಾಂಡಲ್ ತಿರುಗಿದರೂ ಗೂಟ ಅಲುಗದು. ಎರಡರ ನಡುವಿನ ಚಲನೆಯನ್ನೇ ಎಣ್ಣೆ ತಡೆಯುತ್ತದೆ.

ಆಯಾ ಮಾದರಿಗೆಂದೇ ತಯಾರಾದ ಬ್ರಾಕೆಟ್ ಬಳಸುವುದು ಕ್ಷೇಮ. ಗೂಟಕ್ಕಾಗಿ ಚಾಸಿಸ್‌ಗೆ ವೆಲ್ಡಿಂಗ್ ಮಾಡಿಸುವುದು ಸಲ್ಲದು. ಸ್ಟೀರಿಂಗ್ ತಲೆಯ ಭಾಗ ಇಡೀ ಬೈಕಿನ ಭಾರವನ್ನೂ ಹೊಡೆತವನ್ನೂ ಹೊರುವ ಜಾಗ. ಅಲ್ಲಿ ಕಾವು ತಾಗಿ ಲೋಹ ದುರ್ಬಲವಾದರೆ ಬಿರುಕು ಬಿಡಬಹುದು. ಕಚ್ಚಿ ಹಿಡಿಯುವ ಕ್ಲ್ಯಾಂಪ್ ಮಾದರಿಯೇ ಉತ್ತಮ.

ಹ್ಯಾಂಡಲ್ ನೆಟ್ಟಗಿರುವಾಗ ಡ್ಯಾಂಪರಿನ ತೋಳು ಸರಿಯಾಗಿ ನಡುವೆ ಇರಬೇಕು. ಬಳಿಕ ಎಡಕ್ಕೂ ಬಲಕ್ಕೂ ಪೂರ್ಣ ತಿರುಗಿಸಿ ನೋಡಬೇಕು. ಚಾಸಿಸ್‌ನ ತಡೆಗೆ ಹ್ಯಾಂಡಲ್ ಮೊದಲು ತಾಗಬೇಕು. ಡ್ಯಾಂಪರಿನ ತೋಳು ಅದಕ್ಕೂ ಮುನ್ನವೇ ಕೊನೆ ಮುಟ್ಟಬಾರದು. ಮುಟ್ಟಿದರೆ ಒಂದೋ ಡ್ಯಾಂಪರ್ ಮುರಿಯುತ್ತದೆ, ಇಲ್ಲವೇ ತಿರುವಿನ ನಡುವೆ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಕಡೆಗಣಿಸಲೇಬಾರದ ಪರೀಕ್ಷೆ ಇದು.

ಡ್ಯಾಂಪರ್ ಹ್ಯಾಂಡಲ್‌ನ ಕೆಳಗೆ ಕೂರುವ ಮಾದರಿಯಾದರೆ ಹ್ಯಾಂಡಲ್ ತುಸು ಮೇಲೇರುತ್ತದೆ. ಆಗ ಕ್ಲಚ್ ಕೇಬಲ್, ಬ್ರೇಕ್ ಕೊಳವೆ, ವೈರುಗಳು ಬಿಗಿಯಾಗದಂತೆ ನೋಡಿಕೊಳ್ಳಬೇಕು. ಎಂಜಿನ್ ನಿಧಾನ ಓಟದಲ್ಲಿರುವಾಗ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡಲನ್ನು ಎರಡೂ ಬದಿಗೆ ಪೂರ್ಣ ತಿರುಗಿಸಬೇಕು. ಎಂಜಿನ್ ಸದ್ದು ಏರಿದರೆ ಆಕ್ಸಿಲರೇಟರ್ ಕೇಬಲ್ ಜಗ್ಗುತ್ತಿದೆ ಎಂದರ್ಥ. ಹ್ಯಾಂಡಲ್ ಲಾಕ್ ಬೀಳುವುದೇ ಎಂದೂ ನೋಡಬೇಕು. ಬೋಲ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಕೈಪಿಡಿಯಲ್ಲಿ ಹೇಳಿದಷ್ಟೇ ಬಿಗಿದು, ಮೊದಲ ಸವಾರಿಯ ನಂತರ ಮತ್ತೊಮ್ಮೆ ಪರೀಕ್ಷಿಸಬೇಕು.

ಎಷ್ಟು ಬಿಗಿ?

ಅತಿ ಕಡಿಮೆ ತಡೆಯಿಂದಲೇ ಆರಂಭಿಸಬೇಕು. ಖಾಲಿ ಬಯಲಿನಲ್ಲಿ ನಡಿಗೆಯ ವೇಗದಲ್ಲಿ ಎಂಟರ ಆಕಾರದಲ್ಲಿ ಸುತ್ತಿ ನೋಡಬೇಕು. ನಿಧಾನ ಓಟದಲ್ಲಿ ಬೈಕು ಸಮತೋಲ ಕಾಯುವುದೇ ಹ್ಯಾಂಡಲ್‌ನ ಸಣ್ಣ ಸಣ್ಣ ತಿದ್ದುಪಡಿಗಳಿಂದ. ತಡೆ ಅತಿಯಾದರೆ ಆ ತಿದ್ದುಪಡಿ ತಡವಾಗಿ, ಬೈಕು ಅತ್ತಿತ್ತ ತೂಗಾಡತೊಡಗುತ್ತದೆ. ಒಂದೊಂದೇ ಹಂತ ಏರಿಸುತ್ತ, ಹೊಡೆತ ತಗ್ಗಿಯೂ ತಿರುವು ಹಗುರಾಗಿಯೇ ಉಳಿಯುವ ಹಂತದಲ್ಲಿ ನಿಲ್ಲಿಸುವುದು ಸೂಕ್ತ. ಧೂಳಿನ ಸೀಮೆಯಾದ್ದರಿಂದ ಎಣ್ಣೆ ಜಿನುಗುತ್ತಿದೆಯೇ, ತೋಳಿನ ಕೀಲು ಸಡಿಲವಾಗಿದೆಯೇ ಎಂದು ಆಗಾಗ ನೋಡುತ್ತಿರಬೇಕು.

ಕಾನೂನು ಮತ್ತು ದಾರಿ

ತಯಾರಕರು ನೀಡಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿರ್ಬಂಧ ಹೇರುತ್ತದೆ. ಸುಪ್ರೀಂ ಕೋರ್ಟ್ 2019ರ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ಖರೀದಿಗೆ ಮುನ್ನ ಸಾರಿಗೆ ಕಚೇರಿ, ಬೈಕ್ ಮಾರಾಟಗಾರರು ಹಾಗೂ ವಿಮಾ ಕಂಪನಿಯನ್ನು ವಿಚಾರಿಸುವುದು ಒಳಿತು. ಚಳ್ಳಕೆರೆ ಸುತ್ತಲಿನ ಅಮೃತಮಹಲ್ ಕಾವಲಿನ ಬಹುಭಾಗ ಈಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳ ವಶದಲ್ಲಿದೆ. ಬಯಲು ಕಂಡಿತೆಂದು ಒಳನುಗ್ಗುವಂತಿಲ್ಲ. ಬಿತ್ತಿದ ಹೊಲವೂ ಅಷ್ಟೇ.

ಮರಳಿನಲ್ಲಿ ಎದ್ದು ನಿಂತು ಸವಾರಿ ಮಾಡುವುದು, ಮೊಣಕಾಲಿನಿಂದ ಟ್ಯಾಂಕ್ ಹಿಡಿದು ಕೈ ಸಡಿಲ ಬಿಡುವುದು, ನೋಟವನ್ನು ದೂರಕ್ಕೆ ನೆಡುವುದು ಕಲಿತವನಿಗೆ ಡ್ಯಾಂಪರ್ ದಣಿವು ತಗ್ಗಿಸುವ ಸಹಾಯಕ. ಕಲಿಯದವನಿಗೆ ಅದು ಹುಸಿ ಧೈರ್ಯ.