ಟ್ರಮಡಾಲ್ ಬೆರೆತ ನೋವಿನ ಮಾತ್ರೆ: ಉಪಯೋಗವೆಷ್ಟು, ಅಪಾಯವೆಷ್ಟು

ಮಾಗಡಿ ರಸ್ತೆಯ ಹೇರೋಹಳ್ಳಿ, ಸುಂಕದಕಟ್ಟೆ, ಅಂದ್ರಹಳ್ಳಿಯ ಅನೇಕರಿಗೆ ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್‌ಗಳಲ್ಲಿ ದುಡಿಮೆ. ದಿನವಿಡೀ ನಿಂತು, ಬಗ್ಗಿ ಕೆಲಸ ಮಾಡುವವರಿಗೆ ಸೊಂಟನೋವು, ಮಂಡಿನೋವು ತಪ್ಪಿದ್ದಲ್ಲ. ಸಾದಾ ಮಾತ್ರೆಗೆ ಬಗ್ಗದ ನೋವಿಗೆ ವೈದ್ಯರು ಕೆಲವೊಮ್ಮೆ ಟ್ರಮಡಾಲ್ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ ಬರೆಯುತ್ತಾರೆ. ‘ಅಲ್ಟ್ರಾಸೆಟ್’ ಇಂಥದ್ದೇ.

## ಒಳಗಿರುವುದೇನು

ಸಾಮಾನ್ಯವಾಗಿ ಒಂದು ಮಾತ್ರೆಯಲ್ಲಿ 37.5 ಮಿ.ಗ್ರಾಂ ಟ್ರಮಡಾಲ್, 325 ಮಿ.ಗ್ರಾಂ ಪ್ಯಾರಸಿಟಮಾಲ್ ಇರುತ್ತದೆ. ಟ್ರಮಡಾಲ್ ಒಪಿಯಾಯ್ಡ್, ಅಂದರೆ ಅಫೀಮಿನ ಮಾರ್ಫಿನ್‌ನಂತೆಯೇ ಮಿದುಳು ಮತ್ತು ಬೆನ್ನುಹುರಿಯಲ್ಲಿ ನೋವಿನ ಸಂದೇಶವನ್ನು ತಗ್ಗಿಸುವ ಔಷಧ. ಯಕೃತ್ತು ಅದನ್ನು ಇನ್ನೂ ಪ್ರಬಲವಾದ ವಸ್ತುವನ್ನಾಗಿ ಮಾರ್ಪಡಿಸುತ್ತದೆ. ಈ ಮಾರ್ಪಾಡು ಎಲ್ಲರಲ್ಲೂ ಒಂದೇ ಪ್ರಮಾಣದಲ್ಲಿ ಆಗುವುದಿಲ್ಲ. ಹಾಗಾಗಿ ಒಬ್ಬರಿಗೆ ನೋವೇ ಇಳಿಯದ ಡೋಸು ಇನ್ನೊಬ್ಬರನ್ನು ಮಂಪರಿಗೆ ತಳ್ಳಬಹುದು. ಪಕ್ಕದ ಮನೆಯವರಿಗೆ ಒಗ್ಗಿತೆಂದು ಅವರ ಮಾತ್ರೆ ನುಂಗುವುದು ಸಲ್ಲದು.

## ಎಲ್ಲಿ ಉಪಯೋಗ

ಶಸ್ತ್ರಚಿಕಿತ್ಸೆಯಾದ ಮೇಲೆ, ಮೂಳೆ ಮುರಿದಾಗ ಕೆಲವು ದಿನ ಇದು ನಿಜಕ್ಕೂ ನೆರವಾಗುತ್ತದೆ. ಸೊಂಟನೋವಿನ ಮಾತು ಬೇರೆ. ಹೊಸದಾಗಿ ಬಂದ ಸೊಂಟ ಮತ್ತು ಕತ್ತುನೋವಿಗೆ ಆಕ್ಸಿಕೋಡೋನ್ ಎಂಬ ಒಪಿಯಾಯ್ಡ್ ಕೊಟ್ಟು ನೋಡಿದ ಆಸ್ಟ್ರೇಲಿಯಾದ ಅಧ್ಯಯನವೊಂದು 2023ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಹುಸಿಮಾತ್ರೆಗಿಂತ ಅದು ಹೆಚ್ಚಿನ ಉಪಶಮನ ಕೊಡಲಿಲ್ಲ.

## ಮರೆಯಲ್ಲಿರುವ ಪ್ಯಾರಸಿಟಮಾಲ್

ನನ್ನ ಮಟ್ಟಿಗೆ ನಮ್ಮ ಮನೆಗಳಲ್ಲಿ ಅತಿ ಸುಲಭವಾಗಿ ಆಗುವ ಅನಾಹುತವೆಂದರೆ ಪ್ಯಾರಸಿಟಮಾಲ್ ಮಿತಿಮೀರುವುದು. ಬೆಂಗಳೂರಿನದೇ ಕಂಪನಿ ಮೈಕ್ರೋ ಲ್ಯಾಬ್ಸ್‌ನ ಡೋಲೋ 650 ಇಲ್ಲದ ಮನೆ ಕಡಿಮೆ; ಅದರಲ್ಲಿರುವುದೂ ಪ್ಯಾರಸಿಟಮಾಲೇ. ದಿನಕ್ಕೆ ಎಂಟು ಸಂಯೋಜಿತ ಮಾತ್ರೆ ಎಂದರೆ 2,600 ಮಿ.ಗ್ರಾಂ. ನಡುವೆ ಜ್ವರ ಬಂತೆಂದು ನಾಲ್ಕು ಡೋಲೋ ನುಂಗಿದರೆ ಇನ್ನೂ 2,600. ಒಟ್ಟು 5,200 ಆಯಿತು. ಆರೋಗ್ಯವಂತ ವಯಸ್ಕರಿಗೆ ದಿನದ ಮಿತಿಯೇ 4,000. ಕುಡಿತವಿದ್ದವರಿಗೆ, ಯಕೃತ್ತು ಹಾಳಾದವರಿಗೆ ಇನ್ನೂ ಕಡಿಮೆ. ಮೊದಲ ದಿನ ವಾಕರಿಕೆ ಬಿಟ್ಟು ಏನೂ ಕಾಣದಿರಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಯಕೃತ್ತು ಸಾಕಷ್ಟು ಹಾಳಾಗಿರುತ್ತದೆ. ಇದಕ್ಕೆ ಅಸಿಟೈಲ್‌ಸಿಸ್ಟೀನ್ ಎಂಬ ಪ್ರತ್ಯೌಷಧವಿದೆ, ಆದರೆ ಬೇಗ ಕೊಟ್ಟಷ್ಟೂ ಫಲ ಹೆಚ್ಚು. ಹೆಚ್ಚಾಯಿತೆಂದು ತಿಳಿದೊಡನೆ, ಏನೂ ಆಗದಿದ್ದರೂ, ಆಸ್ಪತ್ರೆಗೆ ಹೋಗಬೇಕು.

## ಟ್ರಮಡಾಲ್‌ನ ಅಪಾಯ

ವಾಂತಿ, ತಲೆಸುತ್ತು, ಮಲಬದ್ಧತೆ ಸಾಮಾನ್ಯ. ಫಿಟ್ಸ್ ಇರುವವರಿಗೆ ಇದು ತಕ್ಕುದಲ್ಲ. ಖಿನ್ನತೆಯ ಕೆಲವು ಔಷಧಗಳ ಜೊತೆ ಬೆರೆತರೆ ನಡುಕ, ಜ್ವರ, ಗೊಂದಲ ಕಾಣಿಸಿಕೊಳ್ಳಬಹುದು. ಮದ್ಯ ಅಥವಾ ನಿದ್ದೆಮಾತ್ರೆಯೊಂದಿಗೆ ತೆಗೆದುಕೊಂಡರೆ ಉಸಿರೇ ನಿಧಾನವಾಗಿ ಪ್ರಾಣಕ್ಕೆ ಎರವಾಗಬಹುದು. 12 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2017ರಲ್ಲೇ ಎಚ್ಚರಿಸಿದೆ.

ವಾರಗಟ್ಟಲೆ ನುಂಗಿದರೆ ಮೈ ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಥಟ್ಟನೆ ಬಿಟ್ಟರೆ ಬೆವರು, ಭೇದಿ, ಮೈಕೈ ನೋವು, ನಿದ್ದೆಗೇಡು. ನೋವು ಮರುಕಳಿಸಿತೆಂದು ತಿಳಿದು ರೋಗಿ ಮತ್ತೆ ಮಾತ್ರೆಗೇ ಕೈ ಹಾಕುತ್ತಾನೆ. ಇದು ಅವನ ಮನೋದೌರ್ಬಲ್ಯವಲ್ಲ. ವೈದ್ಯರು ಡೋಸನ್ನು ಹಂತಹಂತವಾಗಿ ಇಳಿಸಿದರೆ ಬಿಡಲು ಸಾಧ್ಯ. ಚಟವಾಗಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನಕ್ಕೆಂದೇ ಪ್ರತ್ಯೇಕ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

## ಕಾನೂನು

ಟ್ರಮಡಾಲ್ 2014ರಲ್ಲಿ ಜಾರಿಗೆ ಬಂದ ಎಚ್1 ಪಟ್ಟಿಯಲ್ಲಿದೆ. ಮೆಡಿಕಲ್ ಸ್ಟೋರ್‌ನವರು ವೈದ್ಯರ ಚೀಟಿ ನೋಡಿಯೇ ಕೊಡಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣವನ್ನು ಪುಸ್ತಕದಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರಲ್ಲಿ ಇದು ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೂ ಬಂತು. ಸವೆದ ಹಳೆ ಸ್ಟ್ರಿಪ್ ತೋರಿಸಿ ‘ಇದೇ ಕೊಡಿ’ ಎಂದಾಗ ಅಂಗಡಿಯವರು ಇಲ್ಲವೆಂದರೆ, ಅವರು ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದಾರೆ.

## ಕ್ಯಾನ್ಸರ್ ನೋವು

ಇಷ್ಟೆಲ್ಲ ಎಚ್ಚರಿಕೆ ಹೇಳಿದರೂ, ಕ್ಯಾನ್ಸರ್‌ನ ತೀವ್ರ ನೋವಿಗೆ ಮಾರ್ಫಿನ್ ಅತ್ಯಗತ್ಯ. ಚಟದ ಹೆದರಿಕೆಯಿಂದ ಅದನ್ನು ತಪ್ಪಿಸುವುದು ಕ್ರೌರ್ಯವೆಂದೇ ನನ್ನ ಭಾವನೆ. ಮಾರ್ಫಿನ್‌ನಂಥ ಔಷಧಗಳು ರೋಗಿಗಳ ಕೈಗೆ ಸಿಗುವುದು ಸುಲಭವಾಗಲೆಂದೇ 2014ರಲ್ಲಿ ಮಾದಕವಸ್ತು ಕಾಯ್ದೆಗೆ ತಿದ್ದುಪಡಿ ತರಲಾಯಿತು. ಬೆಂಗಳೂರಿನಲ್ಲಿ ಕಿದ್ವಾಯಿ ಆಸ್ಪತ್ರೆಯಲ್ಲಿ ನೋವುಶಮನದ ಆರೈಕೆಯಿದೆ. ಚಿಕಿತ್ಸೆಯ ಹಂತ ದಾಟಿದವರನ್ನು ಕರುಣಾಶ್ರಯ ಎಂಬ ಸಂಸ್ಥೆ ಉಚಿತವಾಗಿ ನೋಡಿಕೊಳ್ಳುತ್ತದೆ.